ಜಠರವಿಲ್ಲದ ಬೇಟೆಗಾರ

ಸೀಬಾಸ್ ಮೀನನ್ನು ಹಿಡಿದು ಅಭ್ಯಾಸ ಇಲ್ಲದವರು ಮೊದಲ ಸಲವೇ ಕೈ ಕೊಯ್ದುಕೊಳ್ಳುತ್ತಾರೆ. ಅದರ ಕಿವಿರು ಮುಚ್ಚಳದ ಅಂಚು ಅಷ್ಟು ಹರಿತ. ಬಾಯಿ ಕಣ್ಣಿನ ಹಿಂದಿನವರೆಗೆ ಸೀಳಿಕೊಂಡಿರುತ್ತದೆ. ಕಾರವಾರದ ಕೊಂಕಣಿಯವರ ಚೊಣಕ, ಕೇರಳದ ಕಾಳಾಂಜಿ, ತಮಿಳುನಾಡಿನ ಕೊಡುವಾ, ಬಂಗಾಳದ ಭೇಟ್ಕಿ ಎಲ್ಲ ಇದೇ. ಅಳಿವೆಗೆ ಇದು ನುಗ್ಗಿದರೆ ಸಿಗಡಿಗೂ ಸಣ್ಣ ಮೀನಿಗೂ ಉಳಿಗಾಲವಿಲ್ಲ. ಬಾಯಿಗೆ ಹಿಡಿಸುವುದೆಲ್ಲ ಹೊಟ್ಟೆಗೆ.

ಇಂಥ ಮೀನು ಹುಟ್ಟಿದ ಮೇಲೆ ಎರಡು ವಾರಕ್ಕೂ ಹೆಚ್ಚು ಕಾಲ, ಕೆಲಸ ಮಾಡುವ ಜಠರವೇ ಇಲ್ಲದೆ ಬದುಕುತ್ತದೆ. ನಾನು ಮಂಗಳೂರಿನಲ್ಲಿ ಮೀನುಗಾರಿಕೆ ಓದಿ, ತಮಿಳುನಾಡಿನ ಕರಾವಳಿಯ, ಮೀನು ಮರಿ ಮಾಡುವ ಒಂದು ಹ್ಯಾಚರಿಯಲ್ಲಿ ಜೀವಂತ ಆಹಾರದ ವಿಭಾಗ ನೋಡಿಕೊಂಡವನು. ಈಗ ಊರಿಗೆ ಬಂದು ಕುಂದಾಪುರ, ಬೈಂದೂರು ಕಡೆ ಪಂಜರದಲ್ಲಿ ಮೀನು ಸಾಕುವ ಕೃಷಿಕರ ಜೊತೆ ಓಡಾಡುತ್ತೇನೆ. ಸೀಬಾಸ್ ಸಾಕಣೆಯ ಸೋಲು ಗೆಲುವಿನ ದೊಡ್ಡ ಪಾಲು ಆ ಎರಡು ಮೂರು ವಾರಗಳಲ್ಲೇ ತೀರ್ಮಾನವಾಗುತ್ತದೆ ಎಂಬುದು ನನ್ನ ಅನುಭವ. ಆದರೆ ಮರಿ ಕೊಳ್ಳುವವರಿಗೆ ಆ ದಿನಗಳ ಕತೆಯನ್ನು ಯಾರೂ ಹೇಳುವುದಿಲ್ಲ. ಅದಕ್ಕಾಗಿ ಈ ಬರಹ.

ಸೀಬಾಸ್ ಮೊಟ್ಟೆ ಒಂದು ಮಿಲಿಮೀಟರಿಗಿಂತ ಚಿಕ್ಕದು, ಸುಮಾರು 0.8 ಮಿಲಿಮೀಟರ್. ದೊಡ್ಡ ಹೆಣ್ಣು ಮೀನು ಅಂಥ ಮೊಟ್ಟೆಗಳನ್ನು ಲಕ್ಷಗಟ್ಟಲೆ ಇಡುತ್ತದೆ. ಫಲಿತ ಮೊಟ್ಟೆ ಗಾಜಿನಷ್ಟು ಪಾರದರ್ಶಕ, ಉಪ್ಪುನೀರಿನಲ್ಲಿ ತೇಲುತ್ತದೆ. ಸತ್ತದ್ದು ಬೆಳ್ಳಗಾಗಿ ತಳ ಸೇರುತ್ತದೆ. ನೀರು 28 ಡಿಗ್ರಿ ಸುತ್ತಮುತ್ತ ಇದ್ದರೆ ಒಂದು ದಿನವೂ ಬೇಡ, ಹದಿನೇಳು ಹದಿನೆಂಟು ಗಂಟೆಯೊಳಗೆ ಮರಿ ಹೊರಗೆ ಬರುತ್ತದೆ. ಉದ್ದ ಸುಮಾರು ಒಂದೂವರೆ ಮಿಲಿಮೀಟರ್. ಆಗ ಅದಕ್ಕೆ ಬಾಯಿ ತೆರೆದಿರುವುದಿಲ್ಲ, ಗುದವೂ ತೆರೆದಿರುವುದಿಲ್ಲ, ಕಣ್ಣಿಗೆ ಬಣ್ಣ ಬಂದಿರುವುದಿಲ್ಲ. ಹೊಟ್ಟೆಯ ಕೆಳಗೆ ತಾಯಿ ಕೊಟ್ಟ ಬುತ್ತಿ ಒಂದು ಹಳದಿ ಚೀಲ, ಅದರೊಳಗೆ ಒಂದು ಎಣ್ಣೆ ಹನಿ. ಚೀಲದ ಮೇಲ್ಭಾಗದಲ್ಲಿ ಅಂಟಿಕೊಂಡು ಒಂದು ನೇರವಾದ, ಎರಡೂ ಕಡೆ ಮುಚ್ಚಿದ ಸಣ್ಣ ಕೊಳವೆ. ಮುಂದೆ ಕರುಳು, ಜಠರ ಎಲ್ಲ ಆಗಬೇಕಾದದ್ದು ಅದೇ ಕೊಳವೆ.

ಒಂದೂವರೆ ದಿನದ ಹೊತ್ತಿಗೆ ಬಾಯಿ ತೆರೆಯುತ್ತದೆ. ಕಣ್ಣು ಕಪ್ಪಾಗುತ್ತದೆ. ಕೊಳವೆ ಒಂದು ಸುತ್ತು ಸುತ್ತಿಕೊಳ್ಳುತ್ತದೆ. ಪಕ್ಕದಲ್ಲಿ ಯಕೃತ್ತು, ಮೇದೋಜೀರಕ ಗ್ರಂಥಿಗಳು ಮೂಡಿರುತ್ತವೆ. ಎರಡರಿಂದ ಮೂರನೇ ದಿನದೊಳಗೆ ಹಳದಿ ಬಹುತೇಕ ಖಾಲಿ. ಎಣ್ಣೆ ಹನಿ ಇನ್ನೂ ಒಂದೆರಡು ದಿನ ಕರಗುತ್ತಾ ಇರುತ್ತದೆ. ಅಷ್ಟರೊಳಗೆ ಮರಿ ಬೇಟೆ ಕಲಿಯಬೇಕು.

ಈ ಕಲಿಕೆಯನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡುವುದು ಹ್ಯಾಚರಿಯಲ್ಲಿ ನನಗೆ ತೀರಾ ಇಷ್ಟದ ಕೆಲಸವಾಗಿತ್ತು. ಗಾಜಿನ ಬಟ್ಟಲಲ್ಲಿ ಮೂರನೇ ದಿನದ ಮರಿ, ಸುತ್ತ ರೋಟಿಫರ್ ಎಂಬ ಅತಿ ಸಣ್ಣ ನೀರುಜೀವಿಗಳು. ಮರಿ ಒಂದನ್ನು ಗುರಿಯಿಟ್ಟು ನಿಲ್ಲುತ್ತದೆ. ಎರಡೂ ಕಣ್ಣು ಮುಂದಕ್ಕೆ ತಿರುಗುತ್ತವೆ. ಬಾಲ ಬಾಗಿ ಮೈ ವಕ್ರವಾಗುತ್ತದೆ, ಮರುಕ್ಷಣ ನೆಗೆತ. ಹೆಚ್ಚಿನ ಸಲ ರೋಟಿಫರ್ ತಪ್ಪಿಸಿಕೊಂಡಿರುತ್ತದೆ. ಸಿಕ್ಕಿದರೆ ಮಾತ್ರ ಇನ್ನೊಂದು ನೋಟ ಕಾಣುತ್ತದೆ: ಪಾರದರ್ಶಕ ಮೈಯೊಳಗೆ ಆ ರೋಟಿಫರ್ ಕರುಳಿಗೆ ಇಳಿಯುವುದು, ಕರುಳು ಹಿಂದಕ್ಕೂ ಮುಂದಕ್ಕೂ ಅಲೆಯಾಡಿಸಿ ಅದನ್ನು ಒತ್ತುವುದು, ಸ್ವಲ್ಪ ಹೊತ್ತಿನಲ್ಲಿ ಒಳಗಿನದು ಕರಗಿ ಹೊರಗಿನ ಚಿಪ್ಪು ಮಾತ್ರ ಉಳಿಯುವುದು. ಎಷ್ಟು ಮರಿಗಳ ಕರುಳಿನಲ್ಲಿ ಅಂಥ ಚಿಪ್ಪು ಕಾಣುತ್ತದೆ ಎಂದು ಎಣಿಸುವುದೇ ನಮ್ಮ ಬೆಳಗಿನ ಮೊದಲ ಕೆಲಸ. ಹತ್ತರಲ್ಲಿ ಏಳೆಂಟು ಖಾಲಿ ಕರುಳು ಕಂಡರೆ ಆ ಟ್ಯಾಂಕಿನ ಮೇಲೆ ಆಸೆ ಇಡುವಂತಿಲ್ಲ.

ಯಾಕೆ ಅಷ್ಟು ಸಲ ಗುರಿ ತಪ್ಪುತ್ತದೆ? ಮರಿಗೆ ಚುರುಕು ಸಾಲದು ಎಂದೇ ಬಹಳ ಕಾಲ ತಿಳಿದಿದ್ದರು. 2014ರಲ್ಲಿ ಇಸ್ರೇಲಿನ ವಿಕ್ಟರ್ ಚೈನಾ ಮತ್ತು ರೋಯಿ ಹೋಲ್ಜ್‌ಮನ್ ಎಂಬ ವಿಜ್ಞಾನಿಗಳು ಸೀಬ್ರೀಮ್ ಎಂಬ ಇನ್ನೊಂದು ಕಡಲ ಮೀನಿನ ಮರಿಗಳ ಮೇಲೆ ಒಂದು ಸೊಗಸಾದ ಪ್ರಯೋಗ ಪ್ರಕಟಿಸಿದರು. ಒಂದೆರಡು ಮಿಲಿಮೀಟರ್ ಗಾತ್ರದ ಜೀವಿಗೆ ನೀರು ನಮಗೆ ಇರುವಂತೆ ತೆಳುವಲ್ಲ. ಜೇನುತುಪ್ಪದೊಳಗೆ ಕೈಯಾಡಿಸಿದಷ್ಟು ಕಷ್ಟ. ಬಾಯಿ ತೆರೆದು ನೀರಿನ ಜೊತೆ ಆಹಾರವನ್ನು ಒಳಗೆ ಎಳೆದುಕೊಳ್ಳಲು ಹೋದರೆ ನೀರೇ ಅಂಟಿಕೊಂಡು ತಡೆಯುತ್ತದೆ. ಅವರು ದೊಡ್ಡ ಮರಿಗಳನ್ನು ಹೆಚ್ಚು ಅಂಟಿನ ನೀರಿನಲ್ಲಿ ಬಿಟ್ಟು ನೋಡಿದರು. ಅನುಭವಿ ಮರಿಗಳೂ ಎಳೆಮರಿಗಳಷ್ಟೇ ಸೋಲತೊಡಗಿದವು. ಎಂದರೆ ಸುತ್ತ ಆಹಾರ ತುಂಬಿದ್ದರೂ ಎಳೆಮರಿ ಹಸಿವಿನಿಂದ ಸಾಯಬಹುದು. ನಮ್ಮ ಹ್ಯಾಚರಿಗಳಲ್ಲಿ ಪ್ರತಿ ಮಿಲಿಲೀಟರ್ ನೀರಿಗೆ ಹತ್ತು, ಹದಿನೈದು, ಇಪ್ಪತ್ತು ರೋಟಿಫರ್ ಬಿಡುವುದರ ಅರ್ಥ ನನಗೆ ಪೂರ್ತಿ ತಿಳಿದದ್ದು ಆ ಲೇಖನ ಓದಿದ ಮೇಲೆ. ತಪ್ಪಿದ ಗುರಿಯ ಪಕ್ಕದಲ್ಲೇ ಇನ್ನೊಂದು ಗುರಿ ಇರಬೇಕು.

ಹಸಿವಿನ ಈ ಗಡುವು ಕಡಲಿನಲ್ಲೂ ಇದೆ. ನಾರ್ವೆಯ ಯೋಹಾನ್ ಯೋರ್ಟ್ 1914ರಲ್ಲಿ ಬರೆದ ಪ್ರಬಂಧ ಮೀನುಗಾರಿಕಾ ವಿಜ್ಞಾನದ ದಿಕ್ಕನ್ನೇ ತಿರುಗಿಸಿತು. 1904ರಲ್ಲಿ ಹುಟ್ಟಿದ ಹೆರ್ರಿಂಗ್ ಮೀನುಗಳೇ ಮುಂದೆ ಹಲವು ವರ್ಷ ಅಲ್ಲಿನ ಬಲೆಗಳನ್ನು ತುಂಬಿದ್ದನ್ನು ಅವರು ಗಮನಿಸಿದ್ದರು. ಒಂದು ವರ್ಷದ ಮರಿಗಳು ಹಾಗೆ ಉಳಿದು, ಇನ್ನೊಂದು ವರ್ಷದವು ಅಳಿಯುವುದೇಕೆ? ಹಳದಿ ಮುಗಿದು ಮೊದಲ ತುತ್ತು ಸಿಗಬೇಕಾದ ಆ ಕೆಲವೇ ದಿನಗಳಲ್ಲಿ ಉತ್ತರವಿದೆ ಎಂದರು ಯೋರ್ಟ್. 1963ರಲ್ಲಿ ಬ್ಲಾಕ್ಸ್‌ಟರ್ ಮತ್ತು ಹೆಂಪೆಲ್ ಇನ್ನೂ ಕಠಿಣವಾದ ಸತ್ಯವನ್ನು ತೋರಿಸಿಕೊಟ್ಟರು. ಹಸಿದ ಹೆರ್ರಿಂಗ್ ಮರಿ ಒಂದು ಹಂತ ದಾಟಿದ ಮೇಲೆ ಬದುಕೇ ಇರುತ್ತದೆ, ಈಜುತ್ತಲೂ ಇರುತ್ತದೆ, ಆದರೆ ಆಗ ಆಹಾರ ಕೊಟ್ಟರೂ ತಿನ್ನುವ ಶಕ್ತಿ ಅದಕ್ಕೆ ಉಳಿದಿರುವುದಿಲ್ಲ. ನಮ್ಮ ಕರಾವಳಿಯಲ್ಲಿ ಬೂತಾಯಿ ಮೀನು ಒಂದು ವರ್ಷ ರಾಶಿ ಬಿದ್ದು ಇನ್ನೊಂದು ವರ್ಷ ಕಾಣೆಯಾದಾಗಲೂ ವಿಜ್ಞಾನಿಗಳು ಹಲವು ಕಾರಣಗಳ ನಡುವೆ ಈ ಹಳೆಯ ಪ್ರಶ್ನೆಯನ್ನೂ ಕೇಳಿಕೊಳ್ಳುತ್ತಾರೆ.

ಈಗ ಜಠರದ ಮಾತಿಗೆ ಬರೋಣ.

ಮೊದಲ ತುತ್ತು ನುಂಗುವ ಹೊತ್ತಿಗೆ ಮರಿಯ ಒಳಗೆ ಇರುವುದು ಗಂಟಲು, ಕರುಳು, ಅಷ್ಟೇ. ಜಠರವಾಗಬೇಕಾದ ಜಾಗದಲ್ಲಿ ಕೊಳವೆ ಸ್ವಲ್ಪ ಉಬ್ಬಿರಬಹುದು, ಆದರೆ ಆಮ್ಲ ಸುರಿಸುವ ಗ್ರಂಥಿಗಳಿಲ್ಲ. ಆಮ್ಲವಿಲ್ಲದೆ ಪೆಪ್ಸಿನ್ ಎಂಬ ಕಿಣ್ವ ಕೆಲಸ ಮಾಡುವುದಿಲ್ಲ. ದೊಡ್ಡ ಪ್ರೋಟೀನನ್ನು ಮೊದಲ ಏಟಿಗೆ ತುಂಡರಿಸುವುದು ಅದೇ. ಅದಿಲ್ಲದ ಮರಿ ಮೇದೋಜೀರಕ ಗ್ರಂಥಿ ಕಳಿಸುವ ಟ್ರಿಪ್ಸಿನ್, ಕೈಮೋಟ್ರಿಪ್ಸಿನ್‌ಗಳನ್ನೇ ನಂಬಬೇಕು. ಅವು ಕ್ಷಾರದ ಕರುಳಿನಲ್ಲಿ ಕೆಲಸ ಮಾಡುತ್ತವೆ. ಪೂರ್ತಿ ಒಡೆಯದೆ ಉಳಿದ ಪ್ರೋಟೀನನ್ನು ಹಿಂಗರುಳಿನ ಜೀವಕೋಶಗಳು ಇಡಿಯಾಗಿಯೇ ಒಳಗೆಳೆದುಕೊಂಡು, ತಮ್ಮೊಳಗೇ ಅರಗಿಸುತ್ತವೆ. ಆ ಜೀವಕೋಶಗಳಲ್ಲಿ ನುಂಗಿದ ಪ್ರೋಟೀನಿನ ಗುಳ್ಳೆಗಳು ಸೂಕ್ಷ್ಮದರ್ಶಕದಲ್ಲಿ ಚೆನ್ನಾಗಿ ಕಾಣುತ್ತವೆ. ಜಠರ ಬಂದ ಮೇಲೆ ಅವು ಕಡಿಮೆಯಾಗುತ್ತಾ ಹೋಗುತ್ತವೆ.

ಜಠರವಿಲ್ಲದಿರುವುದು ಮೀನುಲೋಕದಲ್ಲಿ ವಿಚಿತ್ರವೇನಲ್ಲ. ನಮ್ಮ ಕೆರೆಗಳ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಇವು ಜೀವಮಾನವಿಡೀ ಜಠರವಿಲ್ಲದೆ ಬಾಳುತ್ತವೆ. ಮತ್ತೊಂದು ತುದಿಯಲ್ಲಿ ಸಾಲ್ಮನ್ ಇದೆ. ಅದರ ಮೊಟ್ಟೆ ಐದಾರು ಮಿಲಿಮೀಟರ್ ದಪ್ಪ, ಬುತ್ತಿ ವಾರಗಟ್ಟಲೆ ಸಾಕಾಗುತ್ತದೆ. ಅದು ಮೊದಲ ತುತ್ತು ತಿನ್ನುವ ಹೊತ್ತಿಗೆ ಜಠರ ಸಿದ್ಧವಿರುತ್ತದೆ, ಹಾಗಾಗಿ ಮೊದಲ ದಿನದಿಂದಲೇ ಒಣ ಆಹಾರ ಕೊಡಬಹುದು. ಸೀಬಾಸ್ ತಾಯಿ ಸಣ್ಣ ಸಣ್ಣ ಮೊಟ್ಟೆಗಳನ್ನು ಲಕ್ಷಗಟ್ಟಲೆ ಇಟ್ಟು, ಪ್ರತಿಯೊಂದಕ್ಕೂ ಮೂರ್ನಾಲ್ಕು ದಿನದ ಬುತ್ತಿ ಮಾತ್ರ ಕಟ್ಟಿಕೊಡುತ್ತದೆ. ಉಳಿದ ಕಟ್ಟಡವನ್ನು ಮರಿ ತಿನ್ನುತ್ತಲೇ ಕಟ್ಟಿಕೊಳ್ಳಬೇಕು.

ಕಟ್ಟಿಕೊಳ್ಳಲು ಎಷ್ಟು ದಿನ ಬೇಕು? ಸಿಂಗಪುರದ ವಾಲ್‌ಫರ್ಡ್ ಮತ್ತು ಲ್ಯಾಮ್ 1993ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಹ್ಯಾಚರಿಯವರು ಈಗಲೂ ಓದುತ್ತಾರೆ. ನಮ್ಮದೇ ಸೀಬಾಸ್ ಜಾತಿಯ ಮರಿಗಳಲ್ಲಿ ಹದಿಮೂರನೇ ದಿನದ ಹೊತ್ತಿಗೆ ಜಠರ ಬೇರೆಯಾಗಿ ಗುರುತಿಸಲು ಸಿಕ್ಕಿತು, ಹದಿನೇಳನೇ ದಿನದ ಹೊತ್ತಿಗೆ ಪೆಪ್ಸಿನ್ ರೀತಿಯ ಚಟುವಟಿಕೆ ಕಾಣಿಸಿತು. ನೀರಿನ ಬಿಸಿ, ಆಹಾರ, ಬೆಳವಣಿಗೆ ಇವುಗಳ ಮೇಲೆ ಒಂದೆರಡು ದಿನ ಆಚೀಚೆ ಆಗಬಹುದು. ಅಲ್ಲಿಯವರೆಗೆ ಮೀನಿನ ಪುಡಿಯ ಒಣ ಆಹಾರ ಸುರಿದರೆ, ಮರಿ ಅದನ್ನು ನುಂಗಿದರೂ ಸರಿಯಾಗಿ ಅರಗದು. ಎಷ್ಟೋ ಮರಿ ನುಂಗುವುದೇ ಇಲ್ಲ, ಏಕೆಂದರೆ ಪುಡಿ ಅಲುಗಾಡುವುದಿಲ್ಲ. ಅಷ್ಟು ಸಣ್ಣ ಪುಡಿಯಿಂದ ಸತ್ವ ನೀರಿಗೆ ಸೋರಿಹೋಗುತ್ತದೆ, ಉಳಿದದ್ದು ತಳದಲ್ಲಿ ಕೊಳೆಯುತ್ತದೆ.

ಫ್ರಾನ್ಸಿನ ಬ್ರೆಸ್ಟ್ ನಗರದ ಇಫ್ರೆಮರ್ ಸಂಸ್ಥೆಯಲ್ಲಿ ಶಾಂತಾಲ್ ಕಾಯು ಮತ್ತು ಹೋಸೆ ಸಾಂಬೊನಿನೊ ಯುರೋಪಿನ ಸೀಬಾಸ್ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ, ಈ ಗೋಡೆಯಲ್ಲಿ ಒಂದು ಕಿಂಡಿ ಕೊರೆದರು. ಮೊದಲೇ ಭಾಗಶಃ ಒಡೆದ ಪ್ರೋಟೀನು, ಫಾಸ್ಫೊಲಿಪಿಡ್ ಎಂಬ ಬಗೆಯ ಸರಿಯಾದ ಕೊಬ್ಬು ಸೇರಿಸಿದ ಆಹಾರ ಕೊಟ್ಟರೆ ಕರುಳು ಬೇಗ ಪಕ್ವವಾಗುತ್ತದೆ ಎಂದು ತೋರಿಸಿದರು. ಇಷ್ಟಾದರೂ ನಮ್ಮ ಹ್ಯಾಚರಿಗಳಲ್ಲಿ ಮೊದಲ ಎರಡು ವಾರಕ್ಕೆ ಜೀವಂತ ಆಹಾರವೇ ಗತಿ. ತಿಂದ ರೋಟಿಫರ್‌ನೊಳಗಿನ ಕಿಣ್ವಗಳೇ ಮರಿಗೆ ಅರಗಿಸಿಕೊಡುತ್ತವೆ ಎಂದು ಒಂದು ಕಾಲದಲ್ಲಿ ಬಲವಾಗಿ ನಂಬಿದ್ದರು. ಅಳೆದು ನೋಡಿದಾಗ ಆ ಪಾಲು ತೀರಾ ಚಿಕ್ಕದು ಎಂದು ತಿಳಿಯಿತು. ಜೀವಂತ ಆಹಾರ ಒಗ್ಗುವುದಕ್ಕೆ ಕಾರಣ ಬೇರೆ: ರೋಟಿಫರ್‌ನ ಮೈಯಲ್ಲಿ ನೀರಿನ ಅಂಶ ಹೆಚ್ಚು, ಸುಲಭವಾಗಿ ಕರಗುವ ಪ್ರೋಟೀನು ಹೆಚ್ಚು. ಸಾಲದ್ದಕ್ಕೆ ಅದು ಮರಿಯ ಕಣ್ಣ ಮುಂದೆ ಓಡಾಡುತ್ತದೆ.

ರೋಟಿಫರ್ ಹ್ಯಾಚರಿಗೆ ಬಂದದ್ದು ಜಪಾನಿನಿಂದ. ಅಲ್ಲಿ ಹಾವುಮೀನು ಸಾಕುವ ಕೊಳಗಳಲ್ಲಿ ಇದು ಉಪದ್ರವವಾಗಿತ್ತು, ಪಾಚಿಯನ್ನೆಲ್ಲ ತಿಂದು ನೀರು ಕೆಡಿಸುತ್ತಿತ್ತು. ತಕಾಶಿ ಇಟೊ ಎಂಬವರು ಇದನ್ನೇ ಬೆಳೆಸಿ ಮರಿಗಳಿಗೆ ಉಣಿಸಬಹುದೆಂದು 1960ರಲ್ಲಿ ತೋರಿಸಿದರು. ಅದಕ್ಕೂ ಮುಂಚೆ, 1939ರಲ್ಲಿ, ನಾರ್ವೆಯ ಗುನ್ನಾರ್ ರೋಲೆಫ್‌ಸನ್ ಆರ್ಟೀಮಿಯಾ ಎಂಬ ಉಪ್ಪುನೀರಿನ ಸಣ್ಣ ಸಿಗಡಿಜಾತಿಯ ಜೀವಿಯ ಮರಿಗಳಿಂದ ಕಡಲ ಮೀನಿನ ಲಾರ್ವಾಗಳನ್ನು ಸಾಕಿದ್ದರು. ಇವತ್ತಿಗೂ ಹ್ಯಾಚರಿಯ ಕ್ರಮ ಹೀಗೇ: ಮೊದಲು ರೋಟಿಫರ್, ಒಂದು ವಾರ ಕಳೆದ ಮೇಲೆ ಆರ್ಟೀಮಿಯಾ.

ನನ್ನ ದಿನಗಳೆಲ್ಲ ಕಳೆದದ್ದು ಈ ಎರಡರ ಚಾಕರಿಯಲ್ಲಿ. ರೋಟಿಫರ್‌ಗೆ ಪಾಚಿ ಬೇಕು, ಪಾಚಿಗೆ ಬೆಳಕು, ಗೊಬ್ಬರ, ಶುದ್ಧ ನೀರು ಬೇಕು. ಗಂಡಿನ ಹಂಗಿಲ್ಲದೆ ಹೆಣ್ಣುಗಳೇ ಮರಿ ಹಾಕಿ ದಿನಕ್ಕೆ ದುಪ್ಪಟ್ಟಾಗುವ ಈ ಜೀವಿ, ಒಂದು ರಾತ್ರಿಯಲ್ಲಿ ಟ್ಯಾಂಕಿಗೆ ಟ್ಯಾಂಕೇ ಸತ್ತು ನೊರೆಯಾಗಿಬಿಡುವುದೂ ಉಂಟು. ಆರ್ಟೀಮಿಯಾ ಒಣ ಮೊಟ್ಟೆಗಳ ರೂಪದಲ್ಲಿ ಡಬ್ಬಿಯಲ್ಲಿ ಬರುತ್ತದೆ, ಅಮೆರಿಕದ ಯೂಟಾದ ಉಪ್ಪು ಸರೋವರದ ಮಾಲು ಪ್ರಸಿದ್ಧ. ಉಪ್ಪುನೀರಿಗೆ ಹಾಕಿ, ಬೆಳಕು ಕೊಟ್ಟು, ಜೋರಾಗಿ ಗಾಳಿ ಬಿಟ್ಟರೆ ಒಂದು ದಿನದಲ್ಲಿ ಕಿತ್ತಳೆ ಬಣ್ಣದ, ಅರ್ಧ ಮಿಲಿಮೀಟರ್ ಹತ್ತಿರದ ಮರಿಗಳು. ಗಾಳಿ ನಿಲ್ಲಿಸಿದರೆ ಖಾಲಿ ಸಿಪ್ಪೆ ಮೇಲೆ ತೇಲುತ್ತದೆ, ಮರಿಗಳು ಕೆಳಗೆ ಬೆಳಕಿನ ಕಡೆ ಸೇರುತ್ತವೆ. ಸಿಪ್ಪೆಯನ್ನು ಕಟ್ಟುನಿಟ್ಟಾಗಿ ಬೇರ್ಪಡಿಸಬೇಕು, ಎಳೆಮರಿ ನುಂಗಿದರೆ ಕರುಳಿಗೆ ಅಡ್ಡ ಸಿಕ್ಕಿಕೊಳ್ಳುತ್ತದೆ.

ಆದರೆ ಬರೀ ರೋಟಿಫರ್, ಬರೀ ಆರ್ಟೀಮಿಯಾ ಸಾಲದು. ಮೀನೆಣ್ಣೆಯಲ್ಲಿರುವ ಡಿಎಚ್‌ಎ ಎಂಬ ಕೊಬ್ಬಿನಾಮ್ಲ ಕಡಲ ಮೀನಿನ ಮರಿಯ ಮೆದುಳಿಗೂ ಕಣ್ಣಿಗೂ ಬೇಕೇ ಬೇಕು, ಆದರೆ ಮರಿ ಅದನ್ನು ತನ್ನ ಮೈಯಲ್ಲಿ ಸಾಕಷ್ಟು ತಯಾರಿಸಿಕೊಳ್ಳಲಾರದು. ಪಾಚಿಯ ಬದಲು ಯೀಸ್ಟ್ ತಿಂದು ಬೆಳೆದ ರೋಟಿಫರ್‌ನಲ್ಲಿ ಅದು ತೀರಾ ಕಡಿಮೆ. ಡಿಎಚ್‌ಎ ಕೊರತೆಯಾದ ಹೆರ್ರಿಂಗ್ ಮರಿಗಳು ಮಂದ ಬೆಳಕಿನಲ್ಲಿ ಆಹಾರ ಹಿಡಿಯಲು ಕಷ್ಟಪಡುತ್ತವೆ ಎಂಬುದನ್ನು ಪ್ರಯೋಗಗಳು ತೋರಿಸಿವೆ. ಹಾಗಾಗಿ ರೋಟಿಫರ್, ಆರ್ಟೀಮಿಯಾಗಳಿಗೆ ಮೊದಲು ಎಣ್ಣೆಯ ಮಿಶ್ರಣ ಉಣಿಸಿ, ಚೆನ್ನಾಗಿ ತೊಳೆದು, ಆಮೇಲೆ ಮರಿಗಳಿಗೆ ಕೊಡುತ್ತೇವೆ. ತೊಳೆಯುವುದರಲ್ಲಿ ಉದಾಸೀನ ಮಾಡಿದರೆ ಆ ಎಣ್ಣೆ ಮೇಲ್ಮೈಯಲ್ಲಿ ಪೊರೆ ಕಟ್ಟುತ್ತದೆ. ಈಜುಚೀಲಕ್ಕೆ ಗಾಳಿ ತುಂಬಿಕೊಳ್ಳಲು ಮೇಲೆ ಬರುವ ಎಳೆಮರಿಗೆ ಆ ಪೊರೆ ದಾಟಲಾಗುವುದಿಲ್ಲ. ಇಂಥ ಸಣ್ಣ ಕೆಲಸಗಳ ಮೇಲೆ ಇಡೀ ಬ್ಯಾಚ್ ನಿಂತಿರುತ್ತದೆ. ಹ್ಯಾಚರಿಯಲ್ಲಿ ರಾತ್ರಿ ಪಾಳಿಯಲ್ಲಿ ಬಟ್ಟೆ ಜಾಲರಿ ತೊಳೆಯುವ ಹುಡುಗರ ಬಗ್ಗೆ ನನಗೆ ಅಪಾರ ಗೌರವವಿದೆ.

ಮೂರನೇ ವಾರದಲ್ಲಿ ಚಿತ್ರವೇ ಬದಲು. ಜಠರ ಕೆಲಸ ಶುರು ಮಾಡಿದೆ, ಅದು ಹಿಗ್ಗುವ ಚೀಲ, ದೊಡ್ಡ ತುತ್ತನ್ನು ಹಿಡಿದಿಟ್ಟುಕೊಳ್ಳಬಲ್ಲದು. ದವಡೆ ಬಲಿತಿದೆ. ಮರಿ ಒಂದು ಸೆಂಟಿಮೀಟರ್ ಮುಟ್ಟುತ್ತಿದೆ. ಸೀಬಾಸ್ ಮರಿ ತನ್ನ ಒಡಹುಟ್ಟಿದವರನ್ನು ತಿನ್ನತೊಡಗುವುದೂ ಆಗಲೇ. ತನ್ನ ಉದ್ದದ ಮೂರರಲ್ಲಿ ಎರಡು ಪಾಲಿನಷ್ಟು ಉದ್ದದ ಮರಿಯನ್ನೂ ಅದು ನುಂಗಬಲ್ಲದು. ತಲೆ ಒಳಗೆ, ಬಾಲ ಹೊರಗೆ ಇಟ್ಟುಕೊಂಡು ಈಜುವ ಮರಿಗಳನ್ನು ಎಷ್ಟೋ ಸಲ ನೋಡಿದ್ದೇನೆ. ಕೆಲವೊಮ್ಮೆ ಅಂದಾಜು ತಪ್ಪಿ ಎರಡೂ ಸಾಯುತ್ತವೆ.

ಕಳೆದ ಮಳೆಗಾಲದ ನಂತರ ಪಂಜರಕ್ಕೆ ಮರಿ ಬಿಟ್ಟ ಒಬ್ಬ ಹಿರಿಯರು ನನ್ನನ್ನು ಕರೆದು ಕೇಳಿದರು: “ಸತ್ ಮರಿ ಒಂದೂ ಕಾಂಬುಕಿಲ್ಲೆ, ಆರೆ ಅರ್ಧ ಮರಿ ಇಲ್ಲೆ. ಎಲ್ಲಿಗ್ ಹೋಯ್ತ್ ಮಾರಾಯ್ರೆ?” ಬಲೆ ಹರಿದಿರಲಿಲ್ಲ, ರೋಗವಿರಲಿಲ್ಲ. ಬಲೆ ಎತ್ತಿಸಿ ನೋಡಿದೆವು. ಬೆರಳುದ್ದದ ಮರಿಗಳ ನಡುವೆ ಅವುಗಳ ಎರಡರಷ್ಟು ದೊಡ್ಡ ಕೆಲವು ಮರಿಗಳು, ಹೊಟ್ಟೆ ಊದಿಕೊಂಡು. “ಇವೇ ತಿಂದದ್ದು” ಎಂದೆ. ಅವರಿಗೆ ನಂಬಲು ಹೊತ್ತು ಹಿಡಿಯಿತು. ಗಾತ್ರ ಬೇರ್ಪಡಿಸದೆ ಮಾರಿದ ಮರಿ ಅದು. ವ್ಯತ್ಯಾಸ ಹುಟ್ಟಿದ್ದು ಪಂಜರದಲ್ಲಿ ಅಲ್ಲ, ಹ್ಯಾಚರಿಯ ಟ್ಯಾಂಕಿನಲ್ಲಿ. ಮೂರನೇ ದಿನ ಬೇಗ ಬೇಟೆ ಕಲಿತ ಮರಿ ಬೇಗ ಬೆಳೆಯುತ್ತದೆ, ಬೇಗ ಜಠರ ಕಟ್ಟಿಕೊಳ್ಳುತ್ತದೆ, ತಡವಾದದ್ದು ಅದಕ್ಕೆ ಆಹಾರವಾಗುತ್ತದೆ. ಮರಿ ಹದಿನೈದು ಸೆಂಟಿಮೀಟರ್ ದಾಟುವವರೆಗೂ ಈ ಕಾಟ ಪೂರ್ತಿ ತಪ್ಪುವುದಿಲ್ಲ. ಆದ್ದರಿಂದ ಕೆಲವು ದಿನಗಳಿಗೊಮ್ಮೆ ರಂಧ್ರವಿರುವ ಬುಟ್ಟಿಗಳಲ್ಲಿ ಸೋಸಿ ಸಣ್ಣದು, ಮಧ್ಯಮ, ದೊಡ್ಡದು ಎಂದು ಬೇರೆ ಮಾಡಲೇಬೇಕು.

ಒಣ ಆಹಾರಕ್ಕೆ ಒಗ್ಗಿಸುವ ಕಾಲವೂ ಇದೇ. ಆರ್ಟೀಮಿಯಾ ಜೊತೆಜೊತೆಗೆ ಸಣ್ಣ ಕಾಳಿನ ಆಹಾರ ಕೊಡುತ್ತಾ, ಆರ್ಟೀಮಿಯಾ ಕಡಿಮೆ ಮಾಡುತ್ತಾ ಬರಬೇಕು. ಅವಸರ ಮಾಡಿದರೆ ಜಠರ ಸಿದ್ಧವಿರದ ಮರಿಗಳು ಸೊರಗುತ್ತವೆ. ತಡಮಾಡಿದರೆ ಆರ್ಟೀಮಿಯಾ ಖರ್ಚು ಏರುತ್ತದೆ, ಮರಿಗಳೂ ಒಂದನ್ನೊಂದು ತಿನ್ನುವ ರುಚಿ ಹತ್ತಿಸಿಕೊಳ್ಳುತ್ತವೆ. ಸೀಬಾಸ್ ತಳಕ್ಕೆ ಬಿದ್ದ ಕಾಳನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ, ಇಳಿಯುತ್ತಿರುವಾಗಲೇ ಹಿಡಿಯಬೇಕು. ಅದಕ್ಕೇ ಕೈಯಿಂದ ಸ್ವಲ್ಪ ಸ್ವಲ್ಪವಾಗಿ, ಮೀನಿನ ಮುಖ ನೋಡಿಕೊಂಡು ಹಾಕುವವನಿಗೆ ಈ ಕೆಲಸ ಒಲಿಯುತ್ತದೆ.

ಥಾಯ್ಲೆಂಡಿನ ಸೋಂಗ್‌ಖ್ಲಾದಲ್ಲಿ 1970ರ ದಶಕದ ಆರಂಭದಲ್ಲಿ ಈ ಮೀನಿನ ಮರಿ ಮಾಡುವ ಕೆಲಸ ಶುರುವಾಯಿತು. ಭಾರತದಲ್ಲಿ ಚೆನ್ನೈನ ಕೇಂದ್ರೀಯ ಹಿನ್ನೀರು ಜಲಕೃಷಿ ಸಂಸ್ಥೆ 1997ರಲ್ಲಿ ಇದನ್ನು ಸಾಧಿಸಿತು. ಕಾರವಾರದಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಕಡಲ ಪಂಜರಗಳಲ್ಲಿ ಸೀಬಾಸ್ ಬೆಳೆಸಿ ತೋರಿಸಿದ್ದಾರೆ. ನಮ್ಮ ಅಳಿವೆಗಳಲ್ಲಿ ಈಗ ಮನೆ ಮಂದಿಯೇ ಸೇರಿ ಪಂಜರ ಕಟ್ಟುತ್ತಾರೆ, ಸಾಲ ಮಾಡಿ ಮರಿ ತರುತ್ತಾರೆ. ಅವರ ಹಣಕ್ಕೆ ಬೆಲೆ ಸಿಗಬೇಕಾದರೆ ಕೊಳ್ಳುವ ಮೊದಲು ಕೆಲವು ಪ್ರಶ್ನೆ ಕೇಳಲೇಬೇಕು.

ಮರಿ ಎಷ್ಟು ದಿನದ್ದು, ಒಣ ಆಹಾರಕ್ಕೆ ಪೂರ್ತಿ ಒಗ್ಗಿ ಎಷ್ಟು ದಿನವಾಯಿತು, ಕೊನೆಯ ಸಲ ಗಾತ್ರ ಬೇರ್ಪಡಿಸಿದ್ದು ಯಾವಾಗ ಎಂದು ಕೇಳಿ. ನಿಮ್ಮ ಎದುರೇ ಒಂದು ಹಿಡಿ ಕಾಳು ಹಾಕಿಸಿ ನೋಡಿ, ಚೆನ್ನಾಗಿ ಒಗ್ಗಿದ ಮರಿ ಮೇಲಕ್ಕೆ ನುಗ್ಗಿ ಬರುತ್ತದೆ. ಒಂದು ಬಟ್ಟಲು ಮರಿ ಎತ್ತಿಸಿ ಉದ್ದ ಹೋಲಿಸಿ. ದೊಡ್ಡದರ ಮೂರರಲ್ಲಿ ಎರಡು ಪಾಲು ಅಥವಾ ಅದಕ್ಕಿಂತ ಕಡಿಮೆ ಉದ್ದದವು ಅದರಲ್ಲಿ ಕಂಡರೆ, ಸೋಸಿ ಕೊಡಲು ಹೇಳಿ. ಕೊಡುವುದಿಲ್ಲ ಎಂದರೆ, ಎಷ್ಟೇ ಕಡಿಮೆ ಬೆಲೆ ಹೇಳಲಿ, ಆ ಮರಿ ತರಬೇಡಿ.